ಸುಮ್ಮಸುಮ್ಮನೆ ಬೀಳುವ ಸ್ವಿಚ್ಚು

ಕೂಲರು, ಏಸಿ, ಗೀಸರು ಕೂರಿಸುವ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದು, ಕಳೆದ ದೀಪಾವಳಿಗೆ ಬಿಟ್ಟೆ. ಏಣಿ ಹತ್ತಿದರೆ ಮಂಡಿ ನಡುಗಲು ಶುರುವಾಗಿತ್ತು. ಚಳ್ಳಕೆರೆಯಲ್ಲಿ ನಾನಿದ್ದ ಅಂಗಡಿಗೆ ಈಗ ಐಟಿಐ ಮುಗಿಸಿದ ಹೊಸಬರು ಬಂದಿದ್ದಾರೆ. ಆ ಕಡೆ ಹೋದಾಗೆಲ್ಲ "ತಿಪ್ಪೇಸ್ವಾಮಣ್ಣ, ಹಳೇ ಕತೆ ಹೇಳ್ರಿ" ಅಂತ ಕೂರಿಸಿಕೊಂಡು ಟೀ ತರಿಸುತ್ತಾರೆ. ನಾನು ನಗಿಸುವ ಕತೆಗಳನ್ನು ಹೇಳಿ ಎದ್ದು ಬರುತ್ತೇನೆ. ಹೇಳಬೇಕಾದ ಕತೆ ಬೇರೆ ಇದೆ, ಅದು ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಬರವಣಿಗೆ. ಮೊದಲು ನಗಿಸುವ ಕತೆಗಳನ್ನೇ ಬರೆಯುತ್ತೇನೆ, ಕೈ ಸ್ವಲ್ಪ ಸಡಿಲವಾಗಲಿ.

ನಮ್ಮ ಕೆಲಸದಲ್ಲಿ ಮಷೀನು ಒಂದು, ಅದರ ಜೊತೆಗೆ ಕೊಳ್ಳುವ ಸಾಮಾನು ಹತ್ತು. ಸ್ಟೆಬಿಲೈಜರು, ಹೊರಗಿನ ಯೂನಿಟ್ಟಿಗೆ ಸ್ಟ್ಯಾಂಡು, ಮಳೆಗೆ ಹೊದಿಕೆ, ದೂಳಿಗೆ ಜಾಲರಿ, ಗೀಸರಿಗೆ ವಾಲ್ವು, ಕರೆಂಟು ಸೋರಿದರೆ ತಾನೇ ಬೀಳುವ ಟ್ರಿಪ್ ಸ್ವಿಚ್ಚು. ಬೇಕಾದವರು ಹಾಕಿಸಿಕೊಳ್ಳಬಹುದು, ಬೇಡದವರು ಬಿಡಬಹುದು. ಅಂಗಡಿಯಲ್ಲಿ ಇವಕ್ಕೆಲ್ಲ ಒಂದೇ ಹೆಸರು, ಎಕ್ಸ್‌ಟ್ರಾ. ನಮ್ಮ ಸಾಹುಕಾರರು ಗಲ್ಲಾದ ಮುಂದೆ ಕೂತು, "ಆನೆ ಕೊಂಡೋರು ಅಂಕುಶಕ್ಕೆ ಚೌಕಾಸಿ ಮಾಡ್ತಾರೆ ಕಣಯ್ಯ" ಎಂದು ಗೊಣಗುತ್ತಿದ್ದರು. ಅವರಿಗೆ ಹೊದಿಕೆಯೂ ಎಕ್ಸ್‌ಟ್ರಾ, ಜೀವ ಉಳಿಸುವ ಸ್ವಿಚ್ಚೂ ಎಕ್ಸ್‌ಟ್ರಾ. ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆಸುತ್ತಿದ್ದರು. ನನಗೂ ಹಾಗೇ ಅಭ್ಯಾಸವಾಯಿತು.

ನನಗೆ ಕೆಲಸ ಕಲಿಸಿದವರು ಖಾದರ್ ಸಾಬರು. ಆಗ ಏಸಿ ಇಲ್ಲ, ತಗಡಿನ ಕೂಲರುಗಳ ಕಾಲ. ಯಾವ ಮಷೀನನ್ನೇ ಆಗಲಿ ಮೊದಲ ಸಲ ಮುಟ್ಟುವಾಗ ಅಂಗೈ ಇಡಬಾರದು, ಕೈ ತಿರುಗಿಸಿ ಬೆರಳಿನ ಹಿಂಭಾಗ ತಾಗಿಸಬೇಕು ಎಂದು ಮೊದಲ ದಿನವೇ ಹೇಳಿದ್ದರು. ಕರೆಂಟು ಹಿಡಿದರೆ ಬೆರಳು ಮಡಚಿಕೊಳ್ಳುತ್ತವೆ. ಅಂಗೈ ಇಟ್ಟವನು ಹಿಡಿದುಕೊಂಡೇ ಸಾಯುತ್ತಾನೆ, ಹಿಂಗೈ ಇಟ್ಟವನ ಕೈ ಕಿತ್ತುಕೊಂಡು ಬರುತ್ತದೆ. ಒಂದು ಸಲ ಮರೆತು ಅಂಗೈ ಇಟ್ಟಿದ್ದಕ್ಕೆ ಇಕ್ಕಳದಿಂದ ನನ್ನ ಗೆಣ್ಣಿಗೆ ಹೊಡೆದಿದ್ದರು. ಪದೇ ಪದೇ ಫ್ಯೂಸು ಹೋಗುತ್ತಿದ್ದರೆ ನಾನು ಬೈದುಕೊಳ್ಳುವುದನ್ನು ಕೇಳಿ, "ಫ್ಯೂಸ್ ಹೋದ್ರೆ ಗಾಲಿ ಕೊಡ್ಬೇಡ ಬೇಟಾ, ಶುಕ್ರಿಯಾ ಹೇಳು" ಅನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ.

ಹೊದಿಕೆಯ ಕತೆ ಕೇಳಿ. ಎಣ್ಣೆಮಿಲ್ಲಿನ ಯಜಮಾನರೊಬ್ಬರ ಮನೆಗೆ ಊರಿನಲ್ಲೇ ಮೊದಮೊದಲ ಏಸಿಗಳಲ್ಲೊಂದನ್ನು ಕೂರಿಸಿದೆವು. ಮಿಲ್ಲು ಪಕ್ಕದಲ್ಲೇ, ಕಡಲೆಕಾಯಿ ಸಿಪ್ಪೆಯ ದೂಳು ಸದಾ ಹಾರುವ ಜಾಗ. ಸಾಹುಕಾರರು ಹೊರಗಿನ ಯೂನಿಟ್ಟಿಗೆ ದಪ್ಪನೆ ರೆಕ್ಸಿನ್ ಹೊದಿಕೆ ಮಾರಿದರು. ಮಷೀನು ಓಡುವಾಗ ತೆಗೆಯಬೇಕು ಎಂದು ನಾನು ಹೇಳಿದ್ದೆ. ಯಜಮಾನರಿಗೆ ಹೇಳಿದೆನೋ ಅವರ ಮನೆಯ ಆಳಿಗೆ ಹೇಳಿದೆನೋ ಈಗ ನೆನಪಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಕಂಪ್ರೆಸರು ಸುಟ್ಟು ಕರಕಲಾಯಿತು. ಹೋಗಿ ನೋಡಿದರೆ ಹೊದಿಕೆ ಹಾಗೇ ಇದೆ, ಮೇಲೆ ಹಗ್ಗ ಬೇರೆ ಬಿಗಿದಿದ್ದಾರೆ. "ಅಲ್ಲ ಸ್ವಾಮಿ, ಇದು ಉಸಿರಾಡೋದು ಹೆಂಗೆ?" ಎಂದೆ. "ಆಸೆಪಟ್ಟು ತಂದಿದ್ದು, ಬಿಚ್ಚಿ ಮೂಲೆಗಿಡೋಕಾ?" ಎಂದು ಅವರು ನನ್ನನ್ನೇ ದಬಾಯಿಸಿದರು. ಹೊಸ ಕಂಪ್ರೆಸರಿನ ಜೊತೆಗೆ ಸಾಹುಕಾರರು ಇನ್ನೊಂದು ಹೊದಿಕೆಯನ್ನೂ ಮಾರಿಬಿಟ್ಟರು.

ಗೀಸರಿನ ಕತೆ ಅಷ್ಟು ನಗುವಂಥದ್ದಲ್ಲ. ಸಂತೆಪೇಟೆಯ ಹತ್ತಿರ ಮೇಷ್ಟರೊಬ್ಬರ ಮನೆ. ಗೀಸರಿನ ಪಕ್ಕ ಸಣ್ಣದೊಂದು ವಾಲ್ವು ಇರುತ್ತದೆ. ಒಳಗೆ ಒತ್ತಡ ಹೆಚ್ಚಾದರೆ ಅದರಿಂದ ತೊಟ್ಟು ತೊಟ್ಟು ನೀರು ಬೀಳುತ್ತದೆ. ನಲ್ಲಿ ವಾರಕ್ಕೊಂದು ದಿನ ಬರುವ ಊರಿನಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿಕೊಂಡು ಯಾರು ಸುಮ್ಮನಿರುತ್ತಾರೆ? ಮೇಷ್ಟರು ಬೇವಿನ ಕಡ್ಡಿ ಕೆತ್ತಿ ಆ ತೂತಿಗೆ ಬಡಿದಿದ್ದರು. ಒಂದು ಬೆಳಿಗ್ಗೆ ಗೀಸರು ಸಿಡಿದು ಬಚ್ಚಲುಮನೆಯ ಶೀಟು ಹಾರಿ ಹೋಯಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ನಾನು ಹೋಗಿ, ದೊಡ್ಡವರು ಎಂಬುದನ್ನೂ ನೋಡದೆ ಬೈದೆ. "ಸಾರ್, ಅದು ಬಾಯಿ ಬಿಟ್ಟು ಹೇಳ್ತಿತ್ತು, ನೀವು ಬಾಯಿಗೆ ಕಡ್ಡಿ ಬಡಿದ್ರಿ" ಎಂದೆ. ಅವರು ತಲೆ ತಗ್ಗಿಸಿ ನಿಂತಿದ್ದರು. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಆ ಮಾತು ನನಗೆ ಹೇಳಿ ಮಾಡಿಸಿದ್ದು ಎಂದು ಆಗ ಗೊತ್ತಿರಲಿಲ್ಲ.

ಈಗ ಕೆಲಸದ ರೀತಿ ಬದಲಾಗಿದೆ. ಮಷೀನು ತನ್ನ ರೋಗವನ್ನು ತಾನೇ ಅಕ್ಷರದಲ್ಲಿ ತೋರಿಸುತ್ತದೆ, ಫೋನಿನಲ್ಲಿ ನೋಡಿ ಯಾವ ಬೋರ್ಡು ಬದಲಿಸಬೇಕೆಂದು ಹೇಳಬಹುದು. ನನ್ನ ಕಾಲದಲ್ಲಿ ಮೂಗು, ಕಿವಿ, ಹಿಂಗೈ ಇಷ್ಟೇ. ಆದರೆ ಬೇಸಿಗೆಯ ಅವಸರ ಮಾತ್ರ ಆಗಲೂ ಈಗಲೂ ಒಂದೇ. ಮಾರ್ಚಿನಿಂದ ಜೂನಿನವರೆಗೆ ಎಲ್ಲರಿಗೂ ಇವತ್ತೇ ಆಗಬೇಕು. ಎಲ್ಲರಿಗೂ "ಬಂದೆ, ಬಂದೆ" ಅನ್ನುತ್ತೇವೆ. ಹೇಳಬೇಕಾದ ಕತೆಯಲ್ಲಿ ನಾನು ಮಾಡಿದ್ದು ಆ ಅವಸರದಲ್ಲೇ. ಅವಸರವೇ ಕಾರಣ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಏಳು ವರ್ಷದ ಹಿಂದಿನ ಮಾತು. ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಓಬಳೇಶಣ್ಣನವರ ಮನೆ. ಗಂಡ, ಹೆಂಡತಿ ಪಾಲಕ್ಕ, ಕಾಲೇಜು ಓದುತ್ತಿದ್ದ ಒಬ್ಬಳೇ ಮಗಳು ಶಾರದ. ಮನೆಯ ಹಜಾರದಲ್ಲೇ ಗುಂಡಿ ಮಗ್ಗ. ರೇಷ್ಮೆ ನೇಯುವವರಿಗೆ ಬೇಸಿಗೆಯ ಒಣಗಾಳಿ ಶತ್ರು. ಎಳೆಗಳು ಪಟಪಟ ಕಡಿಯುತ್ತವೆ, ಒಂದೊಂದನ್ನೂ ಗಂಟು ಹಾಕುತ್ತ ಕೂರಬೇಕು. ಅದಕ್ಕೆ ಹಿಂದಿನವರು ಒದ್ದೆ ಗೋಣಿ ಕಟ್ಟುತ್ತಿದ್ದರು. ಓಬಳೇಶಣ್ಣ ಕಬ್ಬಿಣದ ದೊಡ್ಡ ಕೂಲರು ಕೊಂಡರು. ಅದರ ತಂಪು ಮನುಷ್ಯರಿಗಲ್ಲ, ಹಾಸಿಗೆ ಸಿಗಬೇಕು ಎಂದರು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು. ನಾನು ತಗಡು ಬಗ್ಗಿಸಿ ಕೂಲರಿಗೆ ಆನೆ ಸೊಂಡಿಲಿನಂಥ ಮೂತಿಯೊಂದನ್ನು ಮಾಡಿ, ಹಸಿಗಾಳಿ ಹಾಸಿನ ಕೆಳಗೇ ಹೋಗುವಂತೆ ಕೂರಿಸಿದೆ. ಆ ಬೀದಿಯವರೆಲ್ಲ ಬಂದು ನೋಡಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಟ್ರಿಪ್ ಸ್ವಿಚ್ಚನ್ನೂ ನಾನೇ ಒತ್ತಾಯ ಮಾಡಿ ಹಾಕಿಸಿದ್ದೆ. ನೀರು, ಕಬ್ಬಿಣ, ಕರೆಂಟು ಮೂರೂ ಒಂದೇ ಕಡೆ ಇರುವ ಮನೆ. ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಹಿತ್ತಲಲ್ಲಿ ಅರ್ಥ್ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ, "ವಾರಕ್ಕೊಂದು ಕೊಡ ನೀರು ಹುಯ್ರಿ, ಗುಂಡಿ ಒಣಗಬಾರದು" ಎಂದೆ. ಓಬಳೇಶಣ್ಣ ನಕ್ಕರು. "ಕುಡಿಯೋಕೆ ನೀರು ಎಂಟು ದಿನಕ್ಕೊಂದ್ಸಲ ಬರ್ತೈತೆ. ಕೂಲರ್‌ಗೂ ಕೊಟ್ಟು, ಮಣ್ಣಿಗೂ ಕುಡಿಸೋಕೆ ನಾನೇನ್ ಗಂಗೆ ತಲೆ ಮೇಲಿಟ್ಕಂಡಿದೀನಾ?" ಎಂದರು. ಆ ಮಾತಿಗೆ ನಾವೆಲ್ಲ ನಕ್ಕೆವು. ಶಾರದಳೂ ಅಲ್ಲೇ ಇದ್ದಳು.

ಏಪ್ರಿಲ್ ಬಂದ ಮೇಲೆ ಆ ಮನೆಯಿಂದ ಫೋನು ಬರತೊಡಗಿತು. ಸ್ವಿಚ್ಚು ಸುಮ್ಮಸುಮ್ಮನೆ ಬೀಳುತ್ತದೆ. ನಾನು ಹೋದ ದಿನ ಓಬಳೇಶಣ್ಣ ಸೀರೆ ಕೊಡಲು ಹೊರಗೆ ಹೋಗಿದ್ದರು, ಶಾರದ ಕಾಲೇಜಿನಲ್ಲಿದ್ದಳು. ಪಾಲಕ್ಕ ಒಬ್ಬರೇ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು.

"ಅಣ್ಣ, ಇದನ್ನ ಕಿತ್ತಾಕ್ರಿ ಅತ್ಲಾಗೆ. ದಿನಕ್ಕೆ ಆರು ಸಲ ಗುಂಡಿಯಿಂದ ಎದ್ದು ಸ್ಟೂಲ್ ಹತ್ತಿ ಎತ್ತಬೇಕು. ಮಂಡಿ ಹೋದ್ವು. ಅಷ್ಟರಾಗೆ ಎಳೆ ಕಡ್ದಿರ್ತಾವೆ."

"ಏನಾದ್ರೂ ಜುಮ್ ಅಂತೈತೇನಕ್ಕ, ಕೂಲರ್ ಮುಟ್ಟಿದ್ರೆ?"

"ಏನೂ ಇಲ್ಲಣ್ಣ. ಸುಮ್ನೆ ಬೀಳ್ತೈತೆ."

ನಾನು ಹಿಂಗೈ ತಾಗಿಸಿ ನೋಡಿದೆ, ಟೆಸ್ಟರು ಹಿಡಿದು ನೋಡಿದೆ. ಆ ಹೊತ್ತಿಗೆ ಏನೂ ಕಾಣಲಿಲ್ಲ. ನೀರೆತ್ತುವ ಸಣ್ಣ ಪಂಪನ್ನು ಬಿಚ್ಚಿ ನೋಡಬೇಕಿತ್ತು, ಬಿಚ್ಚಲಿಲ್ಲ. ಬಿಚ್ಚಿದ್ದರೆ ಅದರ ವೈರಿನ ಬುಡದಲ್ಲಿ ಬಿರುಕು ಬಿಟ್ಟಿದ್ದು ಕಾಣುತ್ತಿತ್ತು. ಚಳ್ಳಕೆರೆಯಿಂದ ಸಾಹುಕಾರರು ಎರಡು ಸಲ ಫೋನು ಮಾಡಿಯಾಗಿತ್ತು. ಸ್ವಿಚ್ಚೇ ಕೆಟ್ಟಿದೆ, ಹೊಸದು ತಂದು ಹಾಕುತ್ತೇನೆ ಎಂದು ಹೇಳಿ, ಅದಕ್ಕೆ ಹೋಗುವ ವೈರುಗಳನ್ನೂ ಅದರಿಂದ ಬರುವ ವೈರುಗಳನ್ನೂ ಬಿಚ್ಚಿ, ಒಂದಕ್ಕೊಂದು ಹೆಣೆದು, ಟೇಪು ಸುತ್ತಿ, ಬೋರ್ಡು ಮುಚ್ಚಿದೆ. ಕೂಲರು ನಿಲ್ಲದೆ ಓಡಿತು. ಪಾಲಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಬೇಡವೆಂದರೂ ಬಿಡದೆ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟರು. ಬರುವ ವಾರ ಬರ್ತೀನಿ ಎಂದು ಹೊರಟೆ. ಆ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ.

ಹದಿನೆಂಟನೆಯ ದಿನ ಮಧ್ಯಾಹ್ನ ಫೋನು ಬಂತು. ಪಾಲಕ್ಕ ಕೂಲರಿಗೆ ನೀರು ತುಂಬುತ್ತಿದ್ದರಂತೆ. ಒಂದು ಕೈ ಕೂಲರಿನ ಅಂಚಿನ ಮೇಲೆ, ಇನ್ನೊಂದರಲ್ಲಿ ಬಿಂದಿಗೆ, ಬರಿಗಾಲು ಒದ್ದೆ ನೆಲದ ಮೇಲೆ. ಮಗಳೇ ಮೊದಲು ನೋಡಿದ್ದು.

ನಾನು ಹೋದಾಗ ಹೆಣವನ್ನು ಜಗುಲಿಗೆ ತಂದಿದ್ದರು. ಓಬಳೇಶಣ್ಣ ಕಂಬಕ್ಕೆ ಒರಗಿ ಕೂತಿದ್ದರು. ಒಳಗಿನ ಫ್ಯೂಸು ಯಾರೋ ಕಿತ್ತಿದ್ದರು. ಎಲ್ಲರೂ ನನಗೆ ದಾರಿ ಬಿಟ್ಟರು, ಏನಾಯಿತೆಂದು ನೋಡಿ ಹೇಳುವವನು ನಾನೇ ತಾನೆ. ಒಬ್ಬನೇ ಒಳಗೆ ಹೋಗಿ ಸ್ಟೂಲು ಹತ್ತಿ ಬೋರ್ಡು ಬಿಚ್ಚಿದೆ. ನಾನು ಹೆಣೆದ ವೈರು, ನಾನು ಸುತ್ತಿದ ಟೇಪು ಹಾಗೇ ಇತ್ತು.

ಟೇಪು ಬಿಚ್ಚಿದೆ. ವೈರುಗಳನ್ನು ಮತ್ತೆ ಸ್ವಿಚ್ಚಿಗೆ ಜೋಡಿಸಿ ಸ್ಕ್ರೂ ಬಿಗಿದೆ. ಎರಡು ನಿಮಿಷದ ಕೆಲಸ. ಟೇಪಿನ ತುಂಡು ಜೇಬಿಗೆ ಹಾಕಿಕೊಂಡು ಕೆಳಗೆ ಇಳಿಯುವಷ್ಟರಲ್ಲಿ ಶಾರದ ಹಿಂದೆ ಬಂದು ನಿಂತಿದ್ದಳು.

"ಅಂಕಲ್, ಸ್ವಿಚ್ ಇತ್ತಲ್ಲ? ಯಾಕೆ ಬೀಳ್ಲಿಲ್ಲ?"

ನಾನು ಬೋರ್ಡಿನ ಕಡೆ ಕೈ ಮಾಡಿದೆ. "ಸ್ವಿಚ್ ಸರಿಯಾಗೈತಮ್ಮ, ನೋಡು ಬೇಕಾದ್ರೆ. ಅರ್ಥ್ ಗುಂಡಿ ಒಣಗೋಗೈತೆ. ಅದು ಒಣಗಿದ್ರೆ ಇದು ಬೀಳಲ್ಲ."

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರೇ, ಇದು ಸುಳ್ಳು ಎಂದು ನಿಮಗೆ ಗೊತ್ತು. ಹೋದ ಕರೆಂಟು ಪೂರ್ತಿ ವಾಪಸು ಬರುತ್ತದೋ ಇಲ್ಲವೋ ಎಂಬುದನ್ನಷ್ಟೇ ಆ ಸ್ವಿಚ್ಚು ನೋಡುವುದು. ಅರ್ಥ್ ಗುಂಡಿ ಒಣಗಿದ್ದು ನಿಜ, ಹಾಗೆ ಒಣಗಲು ಬಿಡಬಾರದು ಎಂಬುದೂ ನಿಜ. ಆದರೆ ಗುಂಡಿ ಬೂದಿಯಾಗಿದ್ದರೂ ಸ್ವಿಚ್ಚು ಕೆಲಸದಲ್ಲಿದ್ದಿದ್ದರೆ ಪಾಲಕ್ಕನಿಗೆ ಒಂದು ಸಲ ಜುಮ್ಮೆಂದು ಬಿಟ್ಟುಬಿಡುತ್ತಿತ್ತು. ಶಾರದಳಿಗೆ ಇದು ಗೊತ್ತಿರಲಿಲ್ಲ. ಅವಳು ತಿರುಗಿ ಹೊರಗೆ ಹೋಗಿ, ಎಲ್ಲರ ಮುಂದೆ ಅಪ್ಪನನ್ನು ಕೇಳಿದಳು.

"ಒಂದ್ ಕೊಡ ನೀರು ಹುಯ್ಯೋಕೆ ಆಗ್ಲಿಲ್ವಾ ನಿಂಗೆ?"

ಹಿರಿಯರು ಪೊಲೀಸು, ಪೋಸ್ಟ್‌ಮಾರ್ಟಂ ಯಾವುದೂ ಬೇಡವೆಂದರು. ಸಂಜೆಯೊಳಗೆ ಮಣ್ಣು ಮಾಡಿದರು. ಸ್ವಿಚ್ಚನ್ನು ಬಿಟ್ಟು ವೈರು ಹೆಣೆದದ್ದು ಗೊತ್ತಿದ್ದ ಎರಡನೆಯ ಜೀವ ಪಾಲಕ್ಕನದು, ಅದು ಮಣ್ಣಿಗೆ ಹೋಯಿತು.

ಆಮೇಲೆ ಓಬಳೇಶಣ್ಣ ಕೂಲರನ್ನು ಗುಜರಿಗೆ ಹಾಕಿದರು. ಆದರೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ಕೊಡ ನೀರನ್ನು ಅರ್ಥ್ ಗುಂಡಿಗೆ ಹುಯ್ಯುತ್ತಾರೆ. ನೀರು ಬಾರದ ದಿನಗಳಲ್ಲಿ ತಾವು ಸ್ನಾನ ಬಿಟ್ಟು ಅದಕ್ಕೆ ಹುಯ್ಯುತ್ತಾರೆ ಎಂದು ಬೀದಿಯವರು ಹೇಳಿದರು. ಬೇರೆ ಮನೆಯ ಕೆಲಸಕ್ಕೆಂದು ಹೋಗಿದ್ದ ನಾನು ಒಂದು ದಿನ ಕಣ್ಣಾರೆ ನೋಡಿದೆ. "ಬರ್ರಿ ತಿಪ್ಪೇಸ್ವಾಮಿ, ನೀವು ಹೇಳಿದ್ದು ಕೇಳ್ಬೇಕಿತ್ತು ನಾನು" ಎಂದರು. ಕೆಲಸವಿದೆ ಎಂದು ಹೊರಟುಬಂದೆ.

ಎರಡು ವರ್ಷದ ಮೇಲೆ ಶಾರದಳ ಮದುವೆ. ಹುಡುಗ ರಾಯದುರ್ಗದವನು, ಗಡಿಯಾಚೆ, ಅರ್ಧ ಗಂಟೆಯ ದಾರಿ. ನನಗೂ ಲಗ್ನಪತ್ರಿಕೆ ಕೊಟ್ಟಿದ್ದರು. ಹೆಂಡತಿ ಇಲ್ಲದವನು ಧಾರೆ ಎರೆಯುವಂತಿಲ್ಲ, ಅದು ಚಿಕ್ಕಪ್ಪ ಚಿಕ್ಕಮ್ಮನ ಪಾಲಿಗೆ ಹೋಗಿತ್ತು. ಆದರೂ ತಂದೆಯಾದವನು ಬಿಂದಿಗೆಗೊಮ್ಮೆ ಕೈ ಮುಟ್ಟಿಸಲಿ ಎಂದು ಅಯ್ನೋರು ಕರೆದರು. ಓಬಳೇಶಣ್ಣ ಮಂಟಪ ಹತ್ತಲು ಚಪ್ಪಲಿ ಬಿಡುತ್ತಿದ್ದರು. ಶಾರದ ತಲೆ ಎತ್ತದೆ, ಹತ್ತಿರ ಕೂತವರಿಗೆಲ್ಲ ಕೇಳುವ ಹಾಗೆ ಅಂದಳು. "ಅವ್ವಗೆ ಒಂದ್ ಕೊಡ ನೀರು ಹುಯ್ಯದ ಕೈ. ನಂಗೂ ಬ್ಯಾಡ."

ಅವರು ಮತ್ತೆ ಚಪ್ಪಲಿ ಮೆಟ್ಟಿಕೊಂಡರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರು ಕೊಡುವಂತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ; ಯಾರಾದರೂ ನನ್ನ ಮುಖ ನೋಡುತ್ತಿದ್ದಾರೋ ಎಂದು ಸುತ್ತ ನೋಡಿದೆ. ಆಮೇಲೆ ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆವತ್ತು, ಆ ಎಲೆಯ ಮುಂದೆ.

ಈ ವರ್ಷ ಶಾರದಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಅತ್ತೆಯ ಮನೆಯಲ್ಲೇ. ಅಜ್ಜನಿಗೆ ಹೇಳಿಕಳಿಸಲಿಲ್ಲ. ಈ ಸುದ್ದಿ ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಕೆಲಸ ಬಿಟ್ಟಾಗಿತ್ತು, ಇನ್ನು ಯಾವ ಹೆಸರು ಹೋಗಬೇಕು? ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋಗಿ, ಓಬಳೇಶಣ್ಣನವರನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ವೈರು, ಟೇಪು, ಸ್ಟೂಲು, ಯಾವುದನ್ನೂ ಬಿಡಲಿಲ್ಲ.

ಅವರು ಹೊಡೆಯುತ್ತಾರೆಂದುಕೊಂಡಿದ್ದೆ. ಕೈ ಎತ್ತಲಿಲ್ಲ.

"ಏಳು ವರ್ಷ ದಿನಾ ನೀರು ಹುಯ್ದೆನಲ್ಲಪ್ಪ. ನೋಡ್ಕಂಡು ಸುಮ್ನಿದ್ಯಲ್ಲ."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ.

"ನಂಗ್ ಹೇಳಿದ್ರೆ ಏನ್ ಬಂತು? ನನ್ ಮಗಳಿಗೆ ಹೇಳು. ಹೋಗು."

ಮಾರನೆಯ ದಿನವೇ ರಾಯದುರ್ಗಕ್ಕೆ ಹೋದೆ. ಶಾರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. "ಏನ್ ಅಂಕಲ್, ಎಷ್ಟು ಬಡವಾಗಿದೀರಾ" ಎಂದು ಮೊದಲು ನೀರು ಕೊಡಿಸಿದಳು. ನಾನು ನಿಂತುಕೊಂಡೇ ಹೇಳಿದೆ. ಮುಗಿಸಿದ ಮೇಲೆ ಅವಳು ಕೇಳಿದಳು:

"ಅಪ್ಪ ಕಳ್ಸಿದ್ನಾ?"

"ಹೋಗಿ ಹೇಳು ಅಂದಿದ್ದು ಅವರೇ. ಆದ್ರೆ ನಾನ್ ಹೇಳಿದ್ದು ನಿಜ ಕಣಮ್ಮ."

"ಬಿಡ್ರಿ ಅಂಕಲ್. ಸ್ವಿಚ್ ನೋಡಿದ್ದು ನಾನೇ. ವೈರು ಜೋಡಿಸಿತ್ತು."

"ಜೋಡಿಸಿದ್ದು ನಾನೇ ಕಣಮ್ಮ. ನೀನು ಬರೋಕೆ ಎರಡು ನಿಮಿಷ ಮುಂಚೆ."

ಅವಳು ನನ್ನನ್ನು ನೋಡಿ ನಕ್ಕಳು. ಕೋಪದ ನಗುವಲ್ಲ, ವಯಸ್ಸಾದವರು ಏನೋ ಹೇಳಿದರೆ ಮಕ್ಕಳು ನಗುತ್ತಾರಲ್ಲ, ಹಾಗೆ.

"ಅವ್ವನ ಹೆಣ ಇನ್ನೂ ಬಿಸಿ ಆರಿರಲಿಲ್ಲ. ಅದನ್ನ ದಾಟ್ಕಂಡು ಒಳಗೆ ಹೋಗಿ ಯಾರಾದ್ರೂ ಹಂಗೆ ಮಾಡ್ತಾರಾ? ನೀವು ಅಂಥೋರಲ್ಲ. ಅಪ್ಪ ಕಾಲು ಹಿಡ್ಕಂಡಿರ್ತಾನೆ, ನಿಮ್ದು ಮೆತ್ತನೆ ಮನಸ್ಸು, ಒಪ್ಕಂಡಿದೀರಾ. ಅನ್ನಂ ರೆಡಿ ಐತೆ, ಉಂಡು ಹೋಗ್ರಿ."

ಸಂಜೆ ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಓಬಳೇಶಣ್ಣ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದರು. ಮಗಳು ಕರೆದರೆ ಅದೇ ಬಸ್ಸು ತಿರುಗುವಾಗ ಹತ್ತಿ ಹೋಗುವವರ ಹಾಗೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ನಂಬ್ಲಿಲ್ಲ" ಎಂದೆ.

"ಮತ್ತೆ ಹೋಗು. ನಂಬೋ ತನಕ ಹೋಗು" ಎಂದು ಹೇಳಿ, ನಾನು ಏನಾದರೂ ಹೇಳುವುದರೊಳಗೆ ಮನೆಯ ಕಡೆ ಹೊರಟರು.

ಇವತ್ತಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಮೂರು ಸಲವೂ ಶಾರದ ನನಗೆ ಊಟ ಹಾಕಿ ಕಳಿಸಿದ್ದಾಳೆ.